ಉಂಡವರ ಸಾಕ್ಷಿ

ಯಾರಿಗೂ ಹೇಳದೆ ಡೈರಿಯಲ್ಲಿ ಮಾತ್ರ ಬರೆದಿಟ್ಟುಕೊಂಡ ಸಣ್ಣದೊಂದು ಚಿಂತೆ ನನ್ನದು: ನಾಳೆ ನಾನು ಸತ್ತರೆ ಓದುಕಟ್ಟೆಯ ಮೇಲೆ ನಿಂತು ನನ್ನ ಬಗ್ಗೆ ಏನಂತ ಓದುತ್ತಾರೆ? ಒಂದು ಮಧ್ಯಾಹ್ನ ನಾನೇ ಬರೆದು ನೋಡಿದೆ. ‘ಇಂದುಮತಿ. ಬಿ.ಎ. ಮಾಡಿದ್ದಳು. ಯಾರಿಗೂ ತೊಂದರೆ ಕೊಟ್ಟವಳಲ್ಲ.’ ಅಲ್ಲಿಗೆ ಪೆನ್ನು ನಿಂತಿತು. ಊರಿನಲ್ಲಿ ಯಾರೇ ಸತ್ತರೂ ಅವರ ಬಗ್ಗೆ ಆ ಕಟ್ಟೆಯ ಮೇಲೆ ಓದುವ ಚರಮ ಬರೆಯುವವಳು ನಾನೇ. ಕಡುಜಿಪುಣರನ್ನು ಮಿತವ್ಯಯಿ ಎಂದು, ಹೆಂಡತಿಯನ್ನು ಬಡಿಯುತ್ತಿದ್ದವರನ್ನು ಶಿಸ್ತಿನ ಮನುಷ್ಯರೆಂದು ಬರೆದು ಪುಟ ತುಂಬಿಸಬಲ್ಲ ನನಗೆ ನನ್ನದೇ ಬದುಕಿನಿಂದ ಇನ್ನೊಂದು ವಾಕ್ಯ ಹೊರಡಲಿಲ್ಲ.

ನಮ್ಮೂರಲ್ಲಿ ಚರಮವೆಂದರೆ ಬರಿಯ ಮರ್ಯಾದೆಯ ಮಾತಲ್ಲ. ಚಾಪೆಯೋ ಕುರ್ಚಿಯೋ ಜಗಲಿಯ ಕಲ್ಲೋ, ಬದುಕಿದ್ದಾಗ ಯಾವುದನ್ನು ತಮ್ಮದೆಂದು ಹಿಡಿದು ಕೂತಿದ್ದರೋ ಅದು, ಸೋಮವಾರ ಸಂಜೆ ಕಟ್ಟೆಯ ಮೇಲೆ ಅವರ ಚರಮ ಓದುವವರೆಗೆ ತಣ್ಣಗಾಗುವುದಿಲ್ಲ. ಈಗಷ್ಟೇ ನೀರು ಕುಡಿಯಲು ಎದ್ದು ಹೋದವರ ಜಾಗದ ಹಾಗೆ ಬೆಚ್ಚಗಿರುತ್ತದೆ. ಅದರ ಮೇಲೆ ಕೂತರೆ ಯಾರದೋ ತೊಡೆಯ ಮೇಲೆ ಕೂತಂತಾಗುತ್ತದೆ. ಹಾಗಾಗಿ ದೊಡ್ಡವರು ಯಾರೂ ಕೂರುವುದಿಲ್ಲ. ಮಾಗಿಯ ಚಳಿಯಲ್ಲಿ ಅತ್ತೆ ತೀರಿಕೊಂಡರೆ ‘ಏನವಸರ, ಸಂಕ್ರಾಂತಿ ಕಳೀಲಿ’ ಎಂದು ಓದಿಸುವುದನ್ನು ಮುಂದೆ ಹಾಕಿ, ಆಕೆಯ ಮಂಚದ ಮೇಲೆ ಹಾಲಿಗೆ ಹೆಪ್ಪು ಹಾಕಿ ಇಡುವ ಸೊಸೆಯಂದಿರಿದ್ದಾರೆ. ಬಿಸಿಲುಗಾಲದಲ್ಲಿ ಸತ್ತವರ ಮನೆಯವರು ಮಾತ್ರ ಹೆಣ ಎತ್ತುವ ಮೊದಲೇ ನಮ್ಮ ಬಾಗಿಲಿಗೆ ಬಂದು, ‘ಈ ಸೋಮವಾರಕ್ಕೇ ಆಗ್ಬೇಕಮ್ಮಾ’ ಎನ್ನುತ್ತಾರೆ.

ಓದುವವರು ವೃಷಭೇಂದ್ರಯ್ಯನವರು. ನಿವೃತ್ತ ಮೇಷ್ಟ್ರು, ಕಂಚಿನ ಕಂಠ, ಬಾಯಲ್ಲಿ ಸದಾ ಎಲೆಯಡಿಕೆ. ಅವರ ಕೈ ನಡುಗತೊಡಗಿದ ಮೇಲೆ ಬರೆಯುವ ಕೆಲಸ ನನಗೆ ಬಂತು. “ನೀನು ಕೈ, ನಾನು ಬಾಯಿ” ಎಂದು ಅವರು ತಮಾಷೆ ಮಾಡುತ್ತಿದ್ದರು. ಆ ಏರ್ಪಾಡು ನನಗೂ ಒಪ್ಪಿತ್ತು. ಅಂಗಡಿಗೆ ಹೋದರೆ ನನ್ನ ಹಿಂದೆ ಬಂದವರೆಲ್ಲ ಸಾಮಾನು ಕಟ್ಟಿಸಿಕೊಂಡು ಹೋಗುವವರೆಗೆ ಕಂಬದ ಹಾಗೆ ನಿಂತಿರುವ ಹುಡುಗಿ ನಾನು. ಯುಗಾದಿಗೆ ಮುಂಚೆ ನಮ್ಮ ಮನೆಗೆ ಸುಣ್ಣ ಹೊಡೆಯಲು ಬರುತ್ತಿದ್ದ ಓಬಕ್ಕ ಏಣಿಯ ಮೇಲಿಂದಲೇ ನನ್ನನ್ನು ನೋಡಿ, “ಏನ್ ಅಮ್ಮಯ್ಯಾ, ನಿನ್ ಬಾಯ್ಗೂ ಯಾರೋ ಎಲ್ಡು ಕೋಟು ಹೊಡೆದವ್ರಲ್ಲಾ!” ಎಂದು ನಗುತ್ತಿದ್ದಳು. ಸುಣ್ಣದ ಗೇರಿಯ ತಿಪ್ಪಕ್ಕನ ಮಗಳು, ನನ್ನ ಓರಗೆಯವಳು. ಅವಳು ನಕ್ಕರೆ ರೆಪ್ಪೆಯ ಮೇಲಿನ ಸುಣ್ಣದ ಚುಕ್ಕೆಗಳೂ ನಗುತ್ತಿದ್ದವು.

ಓದುಕಟ್ಟೆಗೆ ನೂರು ತುಂಬುವ ವರ್ಷ ಬಂತು. ಊರ ಹಿರಿಯರು ಸೇರಿ ಎರಡು ತೀರ್ಮಾನ ಮಾಡಿದರು. ಕಟ್ಟೆಯ ಮೇಲಿನ ಎತ್ತರದ ಕಮಾನಿಗೆ ಹೊಸದಾಗಿ ಸುಣ್ಣ ಹೊಡೆಸಬೇಕು. ಈವರೆಗೆ ಸತ್ತ ಎಲ್ಲರ ಚರಮಗಳನ್ನೂ ಬೀದಿವಾರು ಹುಡುಕಿ ಒಂದು ಸಂಪುಟ ತರಬೇಕು. ಸುಣ್ಣ ಹೊಡೆಯಲು ಓಬಕ್ಕ ಬಂದಳು. ಹುಡುಕಲು ನಾನು ಕೂತೆ.

ಓಬಕ್ಕ ಕಮಾನಿನ ಅರ್ಧ ಮುಗಿಸಿದ್ದಳು, ಏಣಿ ಜಾರಿತು. ಸಂತೆಯ ದಿನ, ಹಾಡುಹಗಲು. ಬಿದ್ದದ್ದನ್ನು ಊರೇ ನೋಡಿತು. ಅವಳನ್ನು ಗೇರಿಯವರು ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಹೊತ್ತು ಹೋದರು. ಅವಳು ಸತ್ತ ಮೇಲೆ ಕಮಾನಿನ ಉಳಿದರ್ಧಕ್ಕೆ ಗೇರಿಯಿಂದಲೇ ಇನ್ನೊಬ್ಬನನ್ನು ಕರೆಸಿದರು.

ಮುಂದಿನ ಸೋಮವಾರ ಅವಳ ಚರಮ ಬರೆಯಲು ಹೇಳಿಕಳಿಸುತ್ತಾರೆಂದು ಕಾದೆ. ಕಳಿಸಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ, ಎರಡು ತಿಂಗಳು ಕಳೆದರೂ ಇಲ್ಲ. ಅಷ್ಟರಲ್ಲಿ ನಾನು ಸಂಪುಟಕ್ಕಾಗಿ ತೇರಿನ ಬೀದಿ, ಗಾಣಿಗರ ಬೀದಿ, ನೇಕಾರರ ಬೀದಿ, ಮಸೀದಿ ಬೀದಿ ಎಲ್ಲವನ್ನೂ ಮುಗಿಸಿ ಸುಣ್ಣದ ಗೇರಿಯ ಸರದಿಗೆ ಬಂದಿದ್ದೆ. ಓದುಕಟ್ಟೆಯ ಪೆಟ್ಟಿಗೆಗಳಲ್ಲಿ ಆ ಗೇರಿಯ ಹೆಸರಿನ ಒಂದು ಹಾಳೆಯೂ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದೆ, ಅಲ್ಲಿಯ ಗುಮಾಸ್ತ, ನಾನು ತಡವರಿಸಿ ಮಾತು ಮುಗಿಸುವಷ್ಟರಲ್ಲಿ ಊಟಕ್ಕೆ ಎದ್ದು ಹೋದ. ಊರಿನ ವಾರಪತ್ರಿಕೆಯ ಹಳೆಯ ಕಟ್ಟುಗಳನ್ನು ಬಿಚ್ಚಿ, ಮೂಗಿಗೆ ಸೆರಗು ಕಟ್ಟಿಕೊಂಡು ಒಂದೊಂದೇ ಹಾಳೆ ತಿರುವಿದೆ. ಗೇರಿಯ ಹೆಸರಿನಲ್ಲಿ ಒಂದೇ ಒಂದು ಸಾವಿನ ಸುದ್ದಿ ಸಿಕ್ಕಿತು: ‘ಸುಣ್ಣದ ಗೇರಿಯಲ್ಲಿ ಕತ್ತೆಯ ಸಾವು. ಸುಣ್ಣದ ಸರಬರಾಜಿಗೆ ಅಡಚಣೆ. ಸಾರ್ವಜನಿಕರಿಗೆ ತೊಂದರೆ.’ ಕತ್ತೆಯ ಬಣ್ಣ, ವಯಸ್ಸು, ಅದು ಎಷ್ಟು ನಂಬಿಕಸ್ಥ ಪ್ರಾಣಿಯಾಗಿತ್ತು ಎಂಬುದೆಲ್ಲ ಇತ್ತು. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಸಿಟ್ಟು ನನಗೆ ಅಭ್ಯಾಸವಿರಲಿಲ್ಲ. ಜ್ವರವೇನೋ ಅಂದುಕೊಂಡು ಹಣೆ ಮುಟ್ಟಿ ನೋಡಿಕೊಂಡೆ.

ವೃಷಭೇಂದ್ರಯ್ಯನವರ ಮನೆಗೆ ಹೋಗಿ, ಗೇರಿಯದು ಏನೂ ಸಿಗುತ್ತಿಲ್ಲ ಎಂದೆ.

“ಸಿಗಲ್ಲ ಕಣಮ್ಮ. ಇದ್ದರೆ ತಾನೆ ಸಿಗೋದು?”

“ಅಲ್ಲಿ ಯಾರೂ ಸಾಯೋದೇ ಇಲ್ವಾ ಸಾರ್?”

ಅವರು ಎಲೆಯ ಬೆನ್ನಿಗೆ ಸುಣ್ಣ ಸವರುತ್ತಾ ನಕ್ಕರು. “ಸಾಯದೇ ಏನು? ಸಾಕ್ಷಿ ಇಲ್ಲ. ಗೊತ್ತಲ್ಲ ನಿನಗೆ, ಸತ್ತವರ ಮನೆಯ ಅನ್ನ ಉಂಡವರು, ಬೇರೆ ಬೀದಿಯವರು, ಒಬ್ಬರಾದ್ರೂ ಕಟ್ಟೆ ಮುಂದೆ ಎದ್ದು ನಿಂತು ಉಂಡಿದ್ದೀನಿ ಅನ್ನಬೇಕು. ಆಮೇಲೇ ಓದೋದು. ಒಬ್ಬರ ಅನ್ನ ಉಣ್ಣದವರು ಅವರ ಬಗ್ಗೆ ಏನು ಹೇಳಿಯಾರು? ಹಿರಿಯರು ಮಾಡಿದ್ದು. ಎಷ್ಟು ಚೆನ್ನಾಗಿದೆ ನೋಡು!”

ಚೆನ್ನಾಗಿಯೇ ಇತ್ತು. ಮದುವೆ, ಮುಂಜಿ, ಹಬ್ಬಗಳಲ್ಲಿ ಆ ಬೀದಿಯವರು ಈ ಬೀದಿಯಲ್ಲಿ, ಈ ಬೀದಿಯವರು ಆ ಬೀದಿಯಲ್ಲಿ ಉಣ್ಣುತ್ತಲೇ ಇದ್ದುದರಿಂದ ಸಾಕ್ಷಿಯ ಮಾತು ಯಾರಿಗೂ ಕಷ್ಟವಾಗಿರಲಿಲ್ಲ. ಓದುವ ಮೊದಲು ‘ಉಂಡವರು ಯಾರು’ ಎಂದು ಮೇಷ್ಟ್ರು ಕೇಳುವುದೂ, ಅರ್ಧ ಸಭೆ ಎದ್ದು ‘ನಾನು ಉಂಡಿದ್ದೇನೆ’ ಎನ್ನುವುದೂ ಮಂಗಳಾರತಿಯ ಗಂಟೆಯ ಹಾಗೆ ಕಿವಿಗೆ ಒಗ್ಗಿಹೋಗಿತ್ತು. ಸುಣ್ಣದ ಗೇರಿಯಲ್ಲಿ ಯಾರೂ ಉಣ್ಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದು, ಯಾರೂ ಬಾಯಿಬಿಟ್ಟು ಹೇಳದ ಮಾತು.

“ಆದ್ರೆ ಅವರ ಜಾಗ? ಅದು ಬೆಚ್ಚಗೇ ಉಳಿಯುತ್ತಲ್ಲ ಸಾರ್.”

“ಅದು ಸುಣ್ಣದ ಕಾವು ಕಣಮ್ಮಾ. ಸುಣ್ಣಕ್ಕೆ ನೀರು ಬಿದ್ರೆ ಕುದಿಯುತ್ತೆ. ಸೈನ್ಸು.”

ಗೇರಿಯ ಸುಣ್ಣದ ಗೂಡುಗಳು ಉರಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಅವರು ಸುಣ್ಣವನ್ನು ಬೇರೆ ಊರಿಂದ ತಂದು ಅರೆದು ಮಾರುತ್ತಾರೆ, ಹೊಡೆಯುತ್ತಾರೆ, ಅಷ್ಟೆ. ಈ ಮಾತು ನನ್ನ ಗಂಟಲಿನವರೆಗೆ ಬಂದು, ಅಲ್ಲಿ ಜಾಗ ಸಾಲದೆ, ಹಿಂದಕ್ಕೆ ಹೋಯಿತು. ಅದನ್ನು ಡೈರಿಯಲ್ಲಿ ಬರೆದೆ. ಬರೆದು, ಕಾಗದ ಹರಿಯುವಷ್ಟು ಒತ್ತಿ ಕೆಳಗೆ ಗೆರೆ ಎಳೆದೆ.

ಮಾರನೆಯ ದಿನ ಗೇರಿಗೆ ಹೋದೆ. ತಿಪ್ಪಕ್ಕನ ಮನೆ ಯಾವುದೆಂದು ಕೇಳುವ ಧೈರ್ಯವಾಗದೆ ಓಣಿಯ ಬಾಯಲ್ಲಿ ನಿಂತಿದ್ದೆ. ಅಲ್ಲಿ ಹಗಲಿನಲ್ಲೂ ಜನ ಬೀದಿಯಲ್ಲೇ ಇದ್ದರು: ಬೀದಿಯಲ್ಲೇ ಒಲೆ, ಬೀದಿಯಲ್ಲೇ ಹಾಸಿಗೆ ಸುರುಳಿ, ಬೀದಿಯಲ್ಲೇ ಬಾಣಂತಿಯ ತಡಿಕೆ. ಒಳಗೆ ಜಾಗವಿರಲಿಲ್ಲ. ಒಬ್ಬ ಮುದುಕಿ ತಾನಾಗೇ ನನ್ನ ಮುಂದೆ ಬಂದು ನಿಂತಳು. ತಿಪ್ಪಕ್ಕನೇ.

“ಬಾರವ್ವ ಒಳೀಕೆ. ಚರಮದ ಅಮ್ಮಯ್ಯ ಅಲ್ವಾ ನೀನು? ನಮ್ಮ ಓಬಿ ಯಾವಾಗ್ಲೂ ಹೇಳೋಳು, ಆ ವುಡುಗಿ ಮಾತಾಡಿದ್ ದಿನ ಮಳೆ ಬತ್ತೈತೆ ಅಂತ.”

ಒಳಗೆ ಕಾಲಿಟ್ಟು ಕೂರಲು ಜಾಗ ನೋಡಿದೆ. ನೆಲದ ತುಂಬ ಸುಣ್ಣದಲ್ಲಿ ಬರೆದ ಬಳೆಗಳು, ಒಂದರ ಪಕ್ಕ ಒಂದು.

“ಅಯ್ಯೋ, ಅಲ್ಲಿ ಬ್ಯಾಡ, ನಮ್ಮ ಮಾವ ಅವ್ನೆ. ಅದರಾಗೆ ನಮ್ಮತ್ತೆ. ಒಸಿ ಸರ್ಕೊಂಡು ಬಾ, ನನ್ ಗಂಡನ್ನ ತುಳಿದ್ಗಿಳಿದೀಯ. ಬದುಕಿದ್ದಾಗ್ಲೂ ಹಿಂಗೇ ದಾರಿಗಡ್ಡ ಮಲಗೋನು.” ಹೊರಗೆ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮಾವನ ಬಳೆಯೊಳಗೆ ಒಂದು ಕೋಳಿ ಕಾವು ಕೂರುವ ಕಷ್ಟ ತಪ್ಪಿಸಿಕೊಂಡು, ಮೊಟ್ಟೆಗಳನ್ನು ಅವನಿಗೇ ಒಪ್ಪಿಸಿ ಹೊರಗೆ ಮೇಯುತ್ತಿತ್ತು.

ಸತ್ತವರ ಹೆಸರು ಬರೆದುಕೊಳ್ಳುತ್ತೇನೆ ಎಂದೆ. ಆ ಒಂದು ಮಾತಿಗೆ ಬಾಗಿಲಲ್ಲಿ ಜಾತ್ರೆಯಾಯಿತು. “ನಮ್ಮಪ್ಪ ಸತ್ತಿದ್ದು ಹುಣಿಸೆ ಹಣ್ಣು ಬೀದಿಗೆಲ್ಲ ಚೆಲ್ಲಿದ್ ವರ್ಸ” ಅಂತ ಒಬ್ಬಳು. “ಹೋಗೇ, ನಿಮ್ಮಪ್ಪ ಸತ್ತ್ ಮ್ಯಾಲೇ ಅಲ್ವೇನೇ ನಿಮ್ಮವ್ವಂಗೆ ಹುಣಿಸೆ ಹಣ್ಣು ಕುಟ್ಟೋಕೆ ಪುರಸೊತ್ತಾಗಿದ್ದು” ಅಂತ ಇನ್ನೊಬ್ಬಳು. ಒಂದೇ ಮನುಷ್ಯ ಮೂವರ ಬಾಯಲ್ಲಿ ಮೂರು ರೋಗದಿಂದ ಸತ್ತ. ಒಬ್ಬಳ ಹೆಸರು ಯಾರಿಗೂ ನೆನಪಿರಲಿಲ್ಲ. ಅವಳು ಹಾಡಿಕೊಂಡು ಸುಣ್ಣ ಅರೆಯುತ್ತಿದ್ದಳು ಎಂಬುದಷ್ಟೇ ನೆನಪಿತ್ತು. ಅವಳ ಒರಳಿನ ಪಕ್ಕದ ಕಲ್ಲು ಈಗಲೂ ಬೆಚ್ಚಗಿತ್ತು. ನಾನು ಕೈಯಿಟ್ಟು ನೋಡಿದೆ. ಹೆಸರೂ ಉಳಿಯದ ಹೆಂಗಸಿನ ಕಾವು ನನ್ನ ಅಂಗೈಗೆ ತಾಗಿತು. ಇದು ಸುಣ್ಣವಂತೆ! ಸೈನ್ಸಂತೆ!

ಓಬಕ್ಕನ ಚಾಪೆ ಹಿತ್ತಲ ಬಾಗಿಲ ಬಳಿ ಇತ್ತು. ಅದರ ಸುತ್ತ ಬಳೆ ಬರೆದಿರಲಿಲ್ಲ. ಅದರ ಮೇಲೆ ಅವಳ ಕೂಸು ಬೋರಲಾಗಿ, ಕೆನ್ನೆ ಒತ್ತಿ ಮಲಗಿತ್ತು. ಕತ್ತಿನ ಸುತ್ತ, ಬೆನ್ನ ತುಂಬ ಕೆಂಪು ಬೆವರುಸಾಲೆ.

“ಬೇಸ್ಗೆ ಬಂತು. ಸುಡ್ತೈತೆ, ಆದ್ರೂ ಬಿಡಾಕಿಲ್ಲ” ಎಂದಳು ತಿಪ್ಪಕ್ಕ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಎತ್ಕೊಂಡ್ರೆ ಬಿಲ್ಲಿನಂಗೆ ಬಗ್ಗಿ ಅಳ್ತೈತೆ. ಹಾಲೂ ಅದರ ಮ್ಯಾಲೇ. ಇದರ ಓರಗೆ ಕೂಸ್ಗಳು ಗ್ವಾಡೆ ಹಿಡ್ಕಂಡು ನಡೀತವೆ, ಇದು ಚಾಪೆ ಬಿಟ್ಟು ಮಂಡಿ ಊರಾಕಿಲ್ಲ. ಅವ್ವ ಅದಾಳೆ ಅಂತ್ಲೇ ತಿಳ್ಕಂಡೈತೆ. ಸತ್ತೋಳು ಸತ್ಲು ಅಂತ ಅದ್ಕೂ ಗೊತ್ತಾಗ್ಬೇಕಲ್ವೇನವ್ವ? ಇಲ್ದಿದ್ರೆ ಬದುಕಿರೋರ ತೊಡೆ ಅದ್ಕೆ ಯಾವಾಗ ಬೇಕಾಗ್ತೈತೆ?”

ನಾನು ಕೂಸನ್ನು ಎತ್ತಿಕೊಳ್ಳಲು ಹೋದೆ. ಅದು ಎರಡೂ ಕೈಯಲ್ಲಿ ಚಾಪೆಯ ಅಂಚು ಹಿಡಿದುಕೊಂಡಿತು. ಅಷ್ಟು ಸಣ್ಣ ಬೆರಳುಗಳಿಗೆ ಅಷ್ಟು ಬಲವಿರುವುದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನವಾಗಿತ್ತು. ತಿಪ್ಪಕ್ಕ ಏನೂ ಕೇಳದೆ ತಟ್ಟೆ ತಂದು ನನ್ನ ಮುಂದಿಟ್ಟಳು. ರಾಗಿಮುದ್ದೆ, ಹುರುಳಿಸಾರು, ಒಂದು ಈರುಳ್ಳಿ. ಬೇಡ ಎನ್ನಲು ಬಾಯಿ ತೆರೆಯಬೇಕಿತ್ತು. ತೆರೆದಾಗ ತುತ್ತು ಹೋಯಿತು. ಸಂಕೋಚಕ್ಕೆ ಶುರುವಾದ ಊಟ ಹಸಿವಿಗೆ ಮುಂದುವರಿಯಿತು. ಹುರುಳಿಸಾರು ಅಷ್ಟು ಚೆನ್ನಾಗಿತ್ತು. “ಇನ್ನೊಂದು ಸೌಟು?” ಎಂದಳು. ಹಾಕು ಎಂಬಂತೆ ತಲೆಯಾಡಿಸಿದೆ. ಉಂಡು ಕೈ ತೊಳೆಯುವಾಗಲೇ ನನಗೆ ಹೊಳೆದದ್ದು, ನಾನೀಗ ಈ ಮನೆಯ ಅನ್ನ ಉಂಡ, ಬೇರೆ ಬೀದಿಯ ಒಬ್ಬಳು ಎಂದು. ತಿಪ್ಪಕ್ಕ ನನ್ನ ಮುಖ ನೋಡಿ ಅದನ್ನು ಓದಿಬಿಟ್ಟಳು.

“ಹೆದರ್ಕಾಬ್ಯಾಡ. ಹೇಳು ಅಂತ ಇಕ್ಕಲಿಲ್ಲ. ಹೊತ್ತಾಗಿತ್ತು, ಇಕ್ದೆ. ಈ ಮನೇಲಿ ಉಂಡೋರಿಗೇನು ಬರವಿಲ್ಲ ಕಣವ್ವ. ಸೂಜಿ ಹಾಕೋ ನರಸಮ್ಮ ಉಂಡವ್ಳೆ. ಲೈಟಿನ ಲೆಕ್ಕದೋನು ಉಂಡವ್ನೆ. ನಿಮ್ಮ ಓದೋ ಮೇಷ್ಟ್ರು, ಹುಡುಗ್ನಾಗಿದ್ದಾಗ ಸ್ಕೂಲ್ಗೆ ಮಕ್ಳನ್ನ ಕರಿಯಾಕ್ ಬಂದು ಮಳೇಲಿ ಸಿಕ್ಕಾಕ್ಕಂಡು, ಅಗೋ ಅಲ್ಲೇ ಕುಂತ್ಕಂಡು, ‘ಇನ್ನೊಂದು ತುತ್ತು ಇಕ್ಕಮ್ಮ’ ಅಂತ ಉಂಡವ್ರೆ. ಉಂಡೋರು ಬಾಳ ಜನ ಅವ್ರೆ. ಉಂಡೀನಿ ಅನ್ನೋರು ಇಲ್ಲ.” ತಟ್ಟೆ ಎತ್ತಿಕೊಂಡು, “ಊರಿಗೂರೇ ನಮ್ಮ ಸುಣ್ಣ ಎಲೇಗ್ ಹಚ್ಕಂಡು ಬಾಯ್ಗೆ ಹಾಕ್ಕತೈತೆ. ಅದ್ಕೆ ಯಾವ್ ಸಾಕ್ಷಿ ಬೇಕವ್ವ?” ಎಂದಳು.

ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳವಾಡುತ್ತ ಬಂದೆ. ಮೇಷ್ಟ್ರ ಹತ್ತಿರ, ನರಸಮ್ಮನ ಹತ್ತಿರ, ಕತ್ತೆಗೆ ಚರಮ ಬರೆದ ಯಾವನೋ ಸಂಪಾದಕನ ಹತ್ತಿರ. ಮನೆ ಮುಟ್ಟಿದಾಗ ಅಮ್ಮ ಕೇರುತ್ತಿದ್ದ ಮೊರ ಪಕ್ಕಕ್ಕಿಟ್ಟು, “ಊಟಕ್ಕೆ ಬರಲೇ ಇಲ್ಲ, ಎಲ್ಲಿ ಉಂಡೆ?” ಎಂದಳು. ಸುಳ್ಳು ಹೇಳಲೂ ಮಾತಾಡಬೇಕಲ್ಲ. ಅದಕ್ಕೇ ನಿಜವನ್ನೇ ಹೇಳಿದೆ.

ಅಮ್ಮ ಎದ್ದು ಹೋಗಿ ಮುಂಬಾಗಿಲು ಹಾಕಿ ಬಂದಳು. “ಉಂಡಿದ್ದು ಹೊಟ್ಟೇಲಿರಲಿ. ಬಾಯಿಗೆ ಬರೋದು ಬೇಡ. ಕಟ್ಟೆ ಮುಂದೆ ಆ ಮಾತಾಡಿದ್ರೆ ಮುಗೀತು, ನಮ್ಮನೇಲಿ ಯಾರೂ ನೀರು ಮುಟ್ಟಲ್ಲ. ನಿನ್ನನ್ನ ನೋಡೋಕೆ ಬರ್ತೀವಿ ಅಂದಿರೋರು ಬೀದಿ ತುದೀಲೇ ತಿರುಗಿಕೊಂಡು ಹೋಗ್ತಾರೆ.”

“ಆ ಕೂಸು…”

“ಕೂಸು ದೊಡ್ಡದಾಗುತ್ತೆ ಬಿಡು. ಎಲ್ಲ ದೊಡ್ಡದಾಗ್ತವೆ.” ಅಮ್ಮ ಮೊರವನ್ನು ಮತ್ತೆ ಎತ್ತಿಕೊಂಡಳು. ಬಗ್ಗಿ ಕಲ್ಲು ಆರಿಸುತ್ತಲೇ, ನನ್ನ ಮುಖ ನೋಡದೆ ಹೇಳಿದಳು: “ನಾನೂ ಉಂಡಿದ್ದೀನಿ ಕಣೆ. ನೀನು ಹೊಟ್ಟೇಲಿದ್ದಾಗ ಹುರುಳಿಸಾರಿನ ಬಯಕೆ. ನಿಮ್ಮಜ್ಜಿಗೆ ಹೇಳಿದ್ರೆ ಹುರುಳಿ ಕುದುರೆಗೆ ಅಂದ್ರು. ತಿಪ್ಪಕ್ಕನ ಮನೆಗೇ ಹೋಗಿ ಉಂಡು ಬಂದೆ. ಹೇಳಿದೀನಾ ಯಾರಿಗಾದ್ರೂ? ಹಾಗೇ ಇದ್ದುಬಿಡಬೇಕು.”

ನಾನು ಹುಟ್ಟುವುದಕ್ಕೆ ಮೊದಲೇ ಆ ಮನೆಯ ಸಾರು ಉಂಡಿದ್ದೆ. ಆ ಹೊತ್ತಿಗೆ ತಿಪ್ಪಕ್ಕನ ಹೊಟ್ಟೆಯಲ್ಲೂ ಓಬಕ್ಕ ಇದ್ದಿರಬೇಕು. ನನ್ನ ಹುಟ್ಟನ್ನು ಊರು ಸಕ್ಕರೆ ಹಂಚಿ ಬರೆದುಕೊಂಡಿತು. ಅವಳ ಸಾವನ್ನು ಬರೆದುಕೊಳ್ಳಲು ಸಾಕ್ಷಿ ಕೇಳುತ್ತಿತ್ತು. ಬಿದ್ದದ್ದನ್ನು ನೋಡಲು ಎಲ್ಲರಿಗೂ ಕಣ್ಣಿತ್ತು, ಸತ್ತದ್ದನ್ನು ಹೇಳಲು ಯಾರಿಗೂ ಬಾಯಿಲ್ಲ.

ನನಗೆ ಗೊತ್ತಿದ್ದದ್ದು ಬರೆಯುವುದೊಂದೇ. ಗೇರಿಯವರು ಹೇಳಿದ ಹೆಸರುಗಳನ್ನೆಲ್ಲ ಜಗಳಗಳ ಸಮೇತ ಬರೆದೆ. ಓಬಕ್ಕನ ಚರಮವನ್ನು ಬೇರೆಯಾಗಿ, ಅವಳ ನಗುವನ್ನೂ ರೆಪ್ಪೆಯ ಸುಣ್ಣವನ್ನೂ ಅರ್ಧ ಕಮಾನನ್ನೂ ಬಿಡದೆ, ಯಾವ ಗುಣವನ್ನೂ ಹಿಗ್ಗಿಸದೆ ಬರೆದೆ. ಮೇಷ್ಟ್ರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ಕಣ್ಣು ಒರೆಸಿಕೊಂಡರು ಕೂಡ.

“ಎಂಥ ಭಾಷೆ ಕಣಮ್ಮಾ ನಿಂದು! ನನ್ನ ಚರಮಾನೂ ನೀನೇ ಬರೀಬೇಕು” ಎಂದು ಹಾಳೆಯನ್ನು ಮಡಚಿ ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. “ಕೊನೇ ಪುಟದಲ್ಲಿ ಒಂದು ಸಾಲು ಹಾಕೋಣ. ‘ಸುಣ್ಣದ ಗೇರಿಯ ಅನಾಮಧೇಯರಿಗೆ ನಮನಗಳು.’ ಗಂಭೀರವಾಗಿರುತ್ತೆ.”

“ಅವರಿಗೆ ಹೆಸರಿದೆ ಸಾರ್.”

“ಇದೆ, ಇದೆ. ಆದ್ರೆ ಅನಾಮಧೇಯ ಅಂದ್ರೆ ಕೇಳೋಕೆ ಚೆನ್ನಾಗಿರುತ್ತೆ.”

ಅಷ್ಟು ಹೇಳಿ ಎಲೆಯ ಬೆನ್ನಿಗೆ ಸುಣ್ಣ ಸವರತೊಡಗಿದರು. ತೋರುಬೆರಳ ತುದಿಯಲ್ಲಿ ಬೆಳ್ಳಗೆ ಒಂದು ಚುಕ್ಕೆ. ನಾನು ಅದನ್ನೇ ನೋಡುತ್ತ ನಿಂತೆ. ಆ ಮಳೆಯ ದಿನ ‘ಇನ್ನೊಂದು ತುತ್ತು’ ಎಂದು ಕೇಳಿದ ಬಾಯಿ ಇದೇ ತಾನೆ ಎಂದು ಕೇಳಬೇಕಿತ್ತು. ಕೇಳದೆ ನಮಸ್ಕಾರ ಹೇಳಿ ಬಂದೆ. ಮನೆಗೆ ಬಂದು ಡೈರಿ ತೆರೆದರೆ ಬರೆಯಲು ಕೈ ಏಳಲಿಲ್ಲ. ಎಷ್ಟೊಂದು ಚೆಂದ ಬರೆದಿದ್ದೆನಲ್ಲ! ಅದನ್ನು ಡ್ರಾಯರಿಗೆ ಹಾಕಲು ಎಷ್ಟು ಸುಲಭವಾಯಿತು!

ನೂರು ತುಂಬಿದ ಸೋಮವಾರ ಬಂತು. ಓದುಕಟ್ಟೆಗೆ ಮಾವಿನ ತೋರಣ, ಕಮಾನು ಹಾಲಿನ ಹಾಗೆ ಬೆಳ್ಳಗೆ. ಗಮನವಿಟ್ಟು ನೋಡಿದರೆ ಮಾತ್ರ, ಎಡಗಡೆಯದು ಒಂದು ಕೈಯ ಕೆಲಸ, ಬಲಗಡೆಯದು ಇನ್ನೊಂದು ಕೈಯದು ಎಂದು ತಿಳಿಯುತ್ತಿತ್ತು. ನಾನು ಕಟ್ಟೆಯ ಮೆಟ್ಟಿಲ ಬಳಿ, ಬರೆಯುವವರು ಕೂರುವ ಮಣೆಯ ಮೇಲೆ ಕೂತಿದ್ದೆ. ಅಮ್ಮ ಹೆಂಗಸರ ಸಾಲಿನಲ್ಲಿದ್ದಳು. ಗುಂಪಿನ ಹಿಂದೆ, ಯಾರಿಗೂ ತಾಗದಷ್ಟು ದೂರದಲ್ಲಿ ತಿಪ್ಪಕ್ಕ ನಿಂತಿದ್ದಳು. ಓಬಕ್ಕ ಸತ್ತಂದಿನಿಂದ ಅವಳು ಪ್ರತಿ ಸೋಮವಾರ ಹೀಗೆ ಬಂದು ಕೇಳಿಕೊಂಡು ಹೋಗುತ್ತಿದ್ದಳಂತೆ. ಮಣೆಯ ಮೇಲೆ ತಲೆ ತಗ್ಗಿಸಿ ಕೂರುವ ನಾನು ಒಮ್ಮೆಯೂ ಹಿಂತಿರುಗಿ ನೋಡಿರಲಿಲ್ಲ. ಚಾಪೆಯನ್ನು ತೊಟ್ಟಿಲಿನ ಹಾಗೆ ಬಗ್ಗಿಸಿ ಎದೆಗೆ ಹಿಡಿದಿದ್ದಳು, ಒಳಗೆ ಕೂಸು.

ಅಂದು ಓದಬೇಕಾದದ್ದು ಗಿರಣಿಯ ಮರುಳಸಿದ್ದಪ್ಪನವರ ಚರಮ. ಅವರ ಬೆತ್ತದ ಕುರ್ಚಿಯನ್ನು ಕಟ್ಟೆಯ ಮೇಲೆ ತಂದಿಟ್ಟಿದ್ದರು. “ಈ ಮನೆಯ ಅನ್ನ ಉಂಡವರು ಯಾರು?” ಎಂದು ಮೇಷ್ಟ್ರು ಕೇಳಿದ್ದೇ ತಡ, ಸಭೆಗೆ ಸಭೆಯೇ ಎದ್ದಿತು. “ನಾನು ಉಂಡಿದ್ದೇನೆ!” “ನಾನು ಉಂಡಿದ್ದೇನೆ!” “ಅವರ ಮಗನ ಮದುವೇಲಿ ಚಿರೋಟಿ ಉಂಡಿದ್ದೇನೆ!” ನಗು ಎದ್ದಿತು. ನಾನು ಬರೆದದ್ದನ್ನು ಮೇಷ್ಟ್ರು ಕಂಚಿನ ಕಂಠದಲ್ಲಿ ಓದಿದರು. ಮುಗಿಯುತ್ತಿದ್ದಂತೆ ಮರುಳಸಿದ್ದಪ್ಪನವರ ಹೆಂಡತಿ ಕುರ್ಚಿಯ ಮೇಲೆ ಅಂಗೈ ಇಟ್ಟರು. ಸಾವಿನ ಮನೆಯಲ್ಲಿ ನಾನು ನೋಡಿದಾಗ ಒಂದು ಹನಿಯೂ ಹಾಕದೆ ಬಂದವರಿಗೆಲ್ಲ ಕಾಫಿ ಮಾಡಿಕೊಡುತ್ತಿದ್ದ ಆ ಹೆಂಗಸು ಈಗ, “ತಣ್ಣಗಾಯ್ತು, ಹೋದ್ರು” ಎಂದು ಗೋಳೋ ಎಂದು ಅತ್ತರು. ಮಗ ಅವರನ್ನು ತಬ್ಬಿ ಹಿಡಿದುಕೊಂಡ. ಬೇಕಾದದ್ದು ಇಷ್ಟೇ, ಇಷ್ಟನ್ನೇ ತಿಪ್ಪಕ್ಕ ಕೇಳುತ್ತಿರುವುದು ಎಂದುಕೊಂಡೆ.

ಕೊನೆಗೆ ಮೇಷ್ಟ್ರು ಪದ್ಧತಿಯಂತೆ, “ಇನ್ನು ಯಾರಾದರೂ ಉಳಿದಿದ್ದಾರೆಯೇ?” ಎಂದರು. ಆ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ, ಕೊಡದಿರುವುದೂ ಪದ್ಧತಿಯೇ.

“ಅವ್ಳೆ ಬುದ್ಧಿ” ಎಂದಿತು ಹಿಂದಿನಿಂದ ಒಂದು ದನಿ. “ಓಬಕ್ಕ. ನನ್ನ ಮಗ್ಳು. ನಿಮ್ಮ ತಲೆ ಮ್ಯಾಗ್ಳ ಕಮಾನಿಗೆ ಸುಣ್ಣ ಹೊಡೆದೋಳು.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅವರಿಗೆ ಸಿಟ್ಟೇನೂ ಬರಲಿಲ್ಲ, ಬಹಳ ಮೃದುವಾಗಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಕೇಳಿದರು: “ಆಗಲಿ ತಾಯಿ. ಆ ಮನೆಯ ಅನ್ನ ಉಂಡವರು ಯಾರು?”

ನರಸಮ್ಮ ತನ್ನ ಕೈಚೀಲದ ಜಿಪ್ಪನ್ನು ಎಳೆದು ಹಾಕಿ ಮತ್ತೆ ತೆಗೆದಳು. ಲೈಟಿನ ಮೀಟರು ನೋಡುವವನು ಆಕಾಶದಲ್ಲಿ ಏನನ್ನೋ ಹುಡುಕಿದ. ಅಮ್ಮ ಸೆರಗನ್ನು ಹೆಗಲಿನ ತುಂಬ ಹೊದ್ದು ನನ್ನನ್ನೇ ನೋಡುತ್ತಿದ್ದಳು, ಬೇಡ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಮೇಷ್ಟ್ರು ಕಾಯುತ್ತಾ, ಸೊಂಟದ ಚೀಲದಿಂದ ಎಲೆ ತೆಗೆದು ಅದರ ಬೆನ್ನಿಗೆ ಸುಣ್ಣ ಸವರಿದರು. ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಅಗಿದರು. “ಯಾರೂ ಇಲ್ಲವಲ್ಲ ತಾಯಿ” ಎಂದರು, ತುಟಿ ಕೆಂಪಾಗಿ.

ಬಾಗಿಸಿದ ಚಾಪೆಯ ಅಂಚಿನಲ್ಲಿ ಸಣ್ಣ ಬೆರಳುಗಳು ಕಂಡವು.

ನನ್ನ ಕಾಲು ಯಾವಾಗ ಎದ್ದು ನಿಂತಿತೋ ತಿಳಿಯಲಿಲ್ಲ. ಮಣೆ ಉರುಳಿ ಮೆಟ್ಟಿಲಿಗೆ ಬಡಿದ ಸದ್ದಿಗೆ ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ಮುಖಗಳನ್ನು ಒಟ್ಟಿಗೆ ಎದುರಿಗೆ ನಾನು ಎಂದೂ ಕಂಡಿರಲಿಲ್ಲ.

“ಕೂತ್ಕೋ ಇಂದುಮತಿ” ಎಂದರು ಮೇಷ್ಟ್ರು ಮೆಲ್ಲಗೆ. “ಬರೆಯೋರು ಕಟ್ಟೆ ಮುಂದೆ ಮಾತಾಡಬಾರದು.”

ನನ್ನ ಬಾಯಿಗೆ ಹೊಡೆದಿದ್ದ ಎರಡು ಕೋಟೂ ಅಲ್ಲೇ ಇದ್ದವು. ಓಬಕ್ಕ ಏಣಿಯ ಮೇಲಿಂದ ನೋಡುತ್ತಿದ್ದಾಳೆ ಎಂದುಕೊಂಡೆ. ಕಮಾನಿನ ಎಡಗಡೆಯ ಅರ್ಧವನ್ನು ನೋಡಿದೆ, ಅವಳ ಕೈ ನಿಂತ ಜಾಗವನ್ನು ನೋಡಿದೆ, ಅಮ್ಮನನ್ನು ನೋಡಿದೆ. ಆಮೇಲೆ ಮೇಷ್ಟ್ರ ಬಾಯಿಯನ್ನೇ ನೋಡುತ್ತ, ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಅಂದೆ:

“ಓಬಕ್ಕನ ಮನೆಯಲ್ಲಿ ನಾನು ಉಂಡಿದ್ದೇನೆ. ಎರಡು ಸಲ ಸಾರು ಹಾಕಿಸಿಕೊಂಡು ಉಂಡಿದ್ದೇನೆ.”